ಆಕಳದ್ದಲ್ಲದ ಜೀನು

ನನಗೆ ಇಂಗ್ಲಿಷ್ ಬರುತ್ತದೆ ಎಂಬುದನ್ನು ನನ್ನ ಮದುವೆಯ ಮಾತುಕತೆಯಲ್ಲಿ ಬೆಳ್ಳಿ ಸಾಮಾನಿನ ಮಗ್ಗುಲಲ್ಲೇ ಹೇಳಿದ್ದರು. ಬೆಳ್ಳಿ ಸಾಮಾನು ಹಬ್ಬಕ್ಕಾದರೂ ಹೊರಗೆ ಬರುತ್ತಿತ್ತು. ಬೆಳಗಾವಿಯ ಕಾನ್ವೆಂಟಿನಲ್ಲಿ ಸಿಸ್ಟರುಗಳು ಹತ್ತು ವರ್ಷ ಕೂತು ಕಲಿಸಿದ ಇಂಗ್ಲಿಷ್ ಮಾತ್ರ ಸವಡಿಯ ನಮ್ಮ ಮನೆಯಲ್ಲಿ ಎರಡೇ ಕೆಲಸಕ್ಕೆ ಬರುತ್ತಿತ್ತು. ದವಾಖಾನೆಯ ಬಾಟಲಿಗೆ ಅಂಟಿಸಿದ ಚೀಟಿ ಓದುವುದು ಒಂದು. ಊರಿಗೆ ಯಾವಾಗಲಾದರೂ ತಂತಿ ಬಂದರೆ ಅದನ್ನು ಓದಿ ಹೇಳುವುದು ಇನ್ನೊಂದು. ತಂತಿ ಎಂದರೆ ಸಾವಿನ ಸುದ್ದಿಯೇ ಆಗಿರುತ್ತಿದ್ದುದರಿಂದ ನಾನು ಕನ್ನಡಕ ಹಾಕಿಕೊಂಡು ಪಡಸಾಲೆಗೆ ಬಂದರೆ ಸಾಕು, ಮಂದಿ ಮೊದಲೇ ಅಳುವುದಕ್ಕೆ ಸಿದ್ಧರಾಗುತ್ತಿದ್ದರು.

ಐವತ್ತರ ದಶಕದ ನಡುವಿನ ಮಾತಿದು. ಒಂದು ಬೇಸಿಗೆಯಲ್ಲಿ ನನ್ನ ಇಂಗ್ಲಿಷಿಗೆ ಮೂರನೆಯ ಕೆಲಸ ಬಂತು. ಕುದುರೆಯ ಜೀನು ಆರಿಸುವ ಕೆಲಸ.

ನನ್ನ ನಾದಿನಿ ಬೇಬಿ, ಮನೆಯ ಕೊನೆಯ ಮಗಳು, ಆ ವರ್ಷ ಏಳನೆಯ ಇಯತ್ತೆ ಪಾಸಾದಳು. ಹದಿಮೂರು ವರ್ಷದ ಹುಡುಗಿ. ಊರ ಸಾಲೆ ಅಲ್ಲಿಗೆ ಮುಗಿಯುತ್ತಿತ್ತು. ಎಂಟನೆಯದಕ್ಕೆ ರೋಣದ ಹೈಸ್ಕೂಲಿಗೆ ಹೋಗಬೇಕು. ರೋಣದಲ್ಲಿ ಯಾರ ಮನೆಯಲ್ಲೂ ಇಡಕೂಡದೆಂದು ಅತ್ತೆಯವರು, ದಿನಾ ಎರಡು ಹೊತ್ತು ಚಕ್ಕಡಿ ಕಟ್ಟಿದರೆ ಹೊಲಕ್ಕೆ ಎತ್ತಿಲ್ಲವೆಂದು ನನ್ನ ಯಜಮಾನರು. ಮಳೆ ಬಿದ್ದರೆ ನಮ್ಮ ಎರೆಮಣ್ಣು ಚಕ್ಕಡಿಯ ಗಾಲಿಯನ್ನೇ ನುಂಗಿ ಕೂರುತ್ತಿತ್ತು. ಆಮೇಲೆ ಚಕ್ಕಡಿಯ ಮಾತೂ ಇಲ್ಲ. ಉಳಿದದ್ದು ಮನೆಯ ಗಿಡ್ಡ ಕುದುರೆ, ತಟ್ಟು. ಹುಡುಗಿ ಅದರ ಮೇಲೆ ಬರೀ ಕಂಬಳಿ ಹಾಸಿಕೊಂಡು ಹೊಲಕ್ಕೆ, ಹಳ್ಳಕ್ಕೆ ಹೋಗಿಬರುತ್ತಿದ್ದಳು. ಊರೊಳಗೆ ಅದು ನಡೆಯುತ್ತಿತ್ತು. ರೋಣದ ಪೇಟೆ ಬೇರೆ.

"ಕಂಬಳಿ ಮ್ಯಾಲ ಕುಂತ ಸಾಲಿಗೆ ಹ್ವಾದ್ರ ಬಳಿಗಾರ್ತಿ ಬಂದ್ಲು ಅಂತಾರ," ಎಂದರು ಮಾವನವರು. "ವಿಲಾಯತಿ ಜೀನ ಇರಬೇಕು. ಅದರ ಮ್ಯಾಲ ಕುಂತಾಕಿಗೆ ಯಾರೂ ಏನೂ ಅನ್ನೂದಿಲ್ಲ."

ಇದನ್ನು ಹೇಳಿದವರು ಮೈತುಂಬ ಖಾದಿ ತೊಟ್ಟವರು. ಚಳವಳಿಯ ಕಾಲದಲ್ಲಿ ಇದೇ ಅಂಗಳದಲ್ಲಿ ಮನೆಯ ವಿಲಾಯತಿ ಬಟ್ಟೆಗೆಲ್ಲ ಬೆಂಕಿ ಹಚ್ಚಿದವರು. ಅತ್ತೆಯವರ ಮದುವೆಯ ಕುಪ್ಪಸ ಆ ಬೆಂಕಿಗೆ ಹೋಗಿತ್ತು, ಅದನ್ನು ಅವರು ಮರೆತಿರಲಿಲ್ಲ.

"ಆವಾಗ ಸುಟ್ಟ್ರಿ, ಈಗ ಹುಡುಕಾಕ ಹೊಂಟೀರಿ," ಎಂದರು.

"ಇಂಗ್ಲಿಷ್ ಮಂದಿ ಕೆಟ್ಟಿದ್ರು. ಚರ್ಮದ ಕೆಲಸ ಚಲೋ ಇತ್ತು," ಎಂದರು ಮಾವ.

ಅತ್ತೆಯವರಿಗೆ ಮಗಳು ಓದುವುದೇ ಬೇಕಿರಲಿಲ್ಲ. ಆದರೆ ಅವರು ಜಗಳ ಆಡುವವರಲ್ಲ, ಷರತ್ತು ಹಾಕುವವರು. "ಸಾಲಿ ತೆರಿಯೂದ್ರೊಳಗ ನಿಮ್ಮ ಜೀನ ಸಿಕ್ಕರ ಹೋಗವಲ್ಲಳ್ಯಾಕ. ಸಿಗಲಿಲ್ಲ ಅಂದ್ರ ಒಲಿ ಮುಂದ ಕುಂದ್ರಲಿ," ಎಂದು ತೀರ್ಪು ಕೊಟ್ಟು ಶೇಂಗಾ ಸುಲಿಯಲು ಕುಳಿತರು. ಇಂಗ್ಲಿಷರು ಹೋಗಿ ಏಳೆಂಟು ವರ್ಷವಾಗಿತ್ತು. ಅವರ ಜೀನು ಇನ್ನೆಲ್ಲಿ ಸಿಗುತ್ತದೆ ಎಂಬ ಧೈರ್ಯ ಅವರ ಬೆರಳುಗಳ ನಿಧಾನದಲ್ಲೇ ಕಾಣುತ್ತಿತ್ತು. ಹುಡುಗಿ ಕಂಬಕ್ಕೆ ಆತು ನಿಂತಿದ್ದಳು. ಸುಲಿದ ಶೇಂಗಾದ ಮೇಲಿನ ಕೆಂಪು ಸಿಪ್ಪೆಯನ್ನು ಒಂದೊಂದಾಗಿ ತಿಕ್ಕಿ ತಿಕ್ಕಿ ತೆಗೆದು, ಕಾಳು ಬೆಳ್ಳಗೆ ಮಾಡಿ ಮೊರದಲ್ಲಿ ಹಾಕುತ್ತಿದ್ದಳು. ಹಾಗೆ ಮಾಡಬೇಕೆಂದು ಯಾರೂ ಹೇಳಿರಲಿಲ್ಲ.

ಆಗ ಮಾವನವರು ನನ್ನ ಕಡೆ ತಿರುಗಿದರು. "ನೀ ಕಾನ್ವೆಂಟದಾಗ ಓದಿದಾಕಿ. ವಿಲಾಯತಿ ಜೀನದ ಬಗ್ಗೆ ನಿನಗ ಗೊತ್ತಿರತೈತಿ."

ನಾನು ಕುದುರೆ ಹತ್ತಿದವಳಲ್ಲ. ಕತ್ತೆಯನ್ನು ಮುಟ್ಟಿದವಳೂ ಅಲ್ಲ. ಕಾನ್ವೆಂಟಿನಲ್ಲಿ ನಮಗೆ ಕಲಿಸಿದ್ದು ಕ್ರೋಶಾ ಹೆಣಿಕೆ, ಪ್ರಾರ್ಥನೆ, ಮತ್ತು ಎಂಥ ಹೊತ್ತಿನಲ್ಲೂ ಸುಳ್ಳು ಹೇಳಬಾರದು ಎಂಬುದು. ಆ ಮೂರರಲ್ಲಿ ಯಾವುದೂ ಜೀನಿಗೆ ಸಂಬಂಧಪಟ್ಟದ್ದಲ್ಲವೆಂದು ನಾನು ಆಗಲೇ ಹೇಳಬೇಕಿತ್ತು. ಆದರೆ ಹುಡುಗಿ ಶೇಂಗಾ ತಿಕ್ಕುವುದನ್ನು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು. "ನೋಡಿದರ ತಿಳಿತೈತ್ರಿ ಮಾವಾರ," ಎಂದೆ.

ನಮ್ಮ ಮನೆಯಲ್ಲಿ ಜೀನಿನ ಬಗ್ಗೆ ಖರೇ ಗೊತ್ತಿದ್ದವರು ಒಬ್ಬರಿದ್ದರು. ತಟ್ಟು ನೋಡಿಕೊಳ್ಳುತ್ತಿದ್ದ ಮುದುಕ. ಊರೆಲ್ಲ ಅವರನ್ನು ಚಾಚಾ ಎನ್ನುತ್ತಿತ್ತು. ವಯಸ್ಸಿನಲ್ಲಿದ್ದಾಗ ಸಾಹೇಬರ ಲಾಯದಲ್ಲಿ ಇಪ್ಪತ್ತು ವರ್ಷ ಕುದುರೆ ತಿಕ್ಕಿದವರು. ಐದು ಹೊತ್ತಿನ ನಮಾಜು ತಪ್ಪಿಸದವರು. ಕೇಳಿದರೆ ಮಾತ್ರ ಮಾತನಾಡುವವರು. ಅವರಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲವಾದ್ದರಿಂದ ಯಾರೂ ಕೇಳಲಿಲ್ಲ.

*

ನರಗುಂದದ ಪೇಟೆಯಲ್ಲಿ ಹಳೆಯ ಸಾಮಾನು ಮಾರುವವನೊಬ್ಬನ ಹತ್ತಿರ ಜೀನಿದೆ ಎಂಬ ಸುದ್ದಿ ಬಂತು. ಮಾವನವರು ಮುಂದಿನ ಸೀಟಿನಲ್ಲಿ, ನಾನು ಸೆರಗು ಹೊದ್ದು ಹಿಂದಿನ ಸೀಟಿನಲ್ಲಿ, ರೋಣದಿಂದ ಬಸ್ಸು ಹಿಡಿದು ಹೋದೆವು. ಅಂಗಡಿಯವನು ಗೋಡೆಗಡಿಯಾರ, ಕಂದೀಲು, ಒಂದು ಕಾಲಿಲ್ಲದ ಆರಾಮ ಕುರ್ಚಿಗಳ ನಡುವಿನಿಂದ ಜೀನು ಎಳೆದು ತೆಗೆದ. ನಾನು ನಿಜವಾದ ವಿಲಾಯತಿ ಜೀನು ನೋಡಿದ್ದು ಅದೇ ಮೊದಲು. ನಮ್ಮ ಕಡೆಯ ಬಟ್ಟೆಯ ಜೀನು ಖೋಗೀರದ ಹಾಗೆ ಮೆತ್ತಗೆ, ಉಬ್ಬಿಕೊಂಡು, ಗೊಂಡೆ ಬಿಟ್ಟುಕೊಂಡು ಇರಲಿಲ್ಲ. ಕಂದು ಬಣ್ಣ, ಎರಡೂ ಮಗ್ಗುಲಿಗೆ ಇಳಿಬಿದ್ದ ಚಪ್ಪಟೆ ಚರ್ಮದ ರೆಕ್ಕೆ, ಯಾವ ಅಲಂಕಾರವೂ ಇಲ್ಲ. ನಮ್ಮ ಮದರ್ ಸುಪೀರಿಯರ್ ಅವರ ನೆನಪಾಯಿತು.

"ಓದು," ಎಂದರು ಮಾವ.

ಕಬ್ಬಿಣದ ಕೊಂಡಿಯ ಹತ್ತಿರ ಅಂಗಡಿಯ ಹೆಸರು ತಿಕ್ಕಿಹೋಗಿತ್ತು. ಅದರ ಕೆಳಗೆ ಒಂದು ಅಂಕಿ ಉಳಿದಿತ್ತು. "ಹದಿನೇಳು ಅಂತ ಐತ್ರಿ."

"ಹದಿನೇಳು ಅಂದ್ರ ಏನು?"

ಇಲ್ಲಿ ನಾನು ಗೊತ್ತಿಲ್ಲ ಎನ್ನಬಹುದಿತ್ತು. ಆದರೆ ಅಂಗಡಿಯವನೂ, ಗಿರಾಕಿಗಳಿಬ್ಬರೂ, ಎದುರಿನ ಕಿರಾಣಿ ಅಂಗಡಿಯಿಂದ ಎದ್ದು ಬಂದವನೂ ನನ್ನ ಬಾಯಿ ನೋಡುತ್ತಿದ್ದರು. ಬಸ್ ಚಾರ್ಜು ಕೊಟ್ಟು ಕರೆತಂದ ಇಂಗ್ಲಿಷ್! ಕಾನ್ವೆಂಟಿನ ಕಪಾಟಿನಲ್ಲಿ ಪುಸ್ತಕಗಳ ಬೆನ್ನ ಮೇಲೆ ಯಾವ ವಯಸ್ಸಿನವರು ಓದಬೇಕೆಂದು ಅಂಕಿ ಹಾಕಿರುತ್ತಿದ್ದರು. ಅದು ನೆನಪಾಗಿ, "ವಯಸ್ಸು ಇರಬೇಕ್ರಿ. ಹದಿನೇಳು ವರ್ಷದವರಿಗೆ," ಎಂದೆ.

ಮಾವನವರ ಮುಖ ಅರಳಿತು. ನಮ್ಮ ಮನೆಯಲ್ಲಿ ಮಕ್ಕಳಿಗೆ ಅಳತೆಗೆ ಸರಿಯಾದ ವಸ್ತು ಯಾವತ್ತೂ ಕೊಂಡದ್ದಿಲ್ಲ. ಲಂಗ ಹೊಲಿಸಿದರೆ ಮೂರು ಮಡಿಕೆ ಒಳಗೆ ಮಡಚಿ ಹೊಲಿಸಬೇಕು, ವರ್ಷಕ್ಕೊಂದು ಬಿಚ್ಚಬೇಕು. ಚಪ್ಪಲಿಯ ಹಿಂದೆ ಎರಡು ಬೆರಳು ಜಾಗ ಉಳಿಯಬೇಕು. ಬೆಳೆಯುವ ಮಕ್ಕಳು, ವಸ್ತು ಅವರಿಗಾಗಿ ಕಾಯಬೇಕು. "ಈಗ ಹದಿಮೂರು. ಎಂಟು, ಒಂಬತ್ತು, ಹತ್ತು, ಮ್ಯಾಟ್ರಿಕ್," ಎಂದು ಬೆರಳು ಮಡಚಿದರು. "ನಾಕ ವರ್ಷ. ಮ್ಯಾಟ್ರಿಕ್ ಮುಗಿಯೂದು, ಆಕೀಗೆ ಹದಿನೇಳು ತುಂಬೂದು, ಜೀನ ಮೈಗೆ ಹತ್ತೂದು, ಮೂರೂ ಕೂಡೇ ಆಕಾವು. ಕಟ್ಟಿಕೊಡಪಾ."

ಜೀನು ಮೈಗೆ ಹತ್ತುವ ಹೊತ್ತಿಗೆ ಸಾಲೆಯೇ ಮುಗಿದಿರುತ್ತದಲ್ಲ ಎಂದು ನನಗೆ ಹೊಳೆಯಿತು. ನಾನು ಹಿಂದಿನ ಸೀಟಿನವಳು, ಸೆರಗು ಹೊದ್ದುಕೊಂಡು ಜೀನಿನ ಹಿಂದೆ ನಡೆದೆ.

ಮರಳುವಾಗ ಮಾವ ಜೀನನ್ನು ಬಸ್ಸಿನ ಮೇಲೆ ಹಾಕಲು ಬಿಡದೆ ತೊಡೆಯ ಮೇಲಿಟ್ಟುಕೊಂಡು ಕುಳಿತರು. ನಡುವೆ ಯಾವಗಲ್ ಊರಿನಲ್ಲಿ ಹತ್ತಿದ ಒಬ್ಬ ರೈತ ನಿಂತು ನೋಡಿದ. "ಗೌಡ್ರ, ಕುದುರಿ ಹಿಂದಿನ ಬಸ್ಸಿಗೆ ಬರತೈತೇನ್ರಿ?" ಎಂದ. ಇಡೀ ಬಸ್ಸು ನಕ್ಕಿತು. ಮಾವನವರೂ ನಕ್ಕರು. ಆ ಹೊತ್ತಿನಲ್ಲಿ ಅವರಿಗೆ ಯಾರು ಏನೆಂದರೂ ನಡೆಯುತ್ತಿತ್ತು.

ಮರುದಿನ ಬೆಳಿಗ್ಗೆ ಅಂಗಳದಲ್ಲಿ ಎಲ್ಲರೂ ನಿಂತೆವು. ಚಾಚಾ ತಟ್ಟಿನ ಬೆನ್ನಿಗೆ ಜೀನು ಏರಿಸಿದರು. ಏರಿಸಿ, ಮಾವನವರ ಮುಖ ನೋಡಿದರು. ಮಾವನವರು ಅವರನ್ನು ಏನೂ ಕೇಳಲಿಲ್ಲ. ಚಾಚಾ ಹೊಟ್ಟೆಯ ಸುತ್ತಿನ ಪಟ್ಟಿ, ತಂಗು, ಬಿಗಿದರು. ಹುಡುಗಿ ಹತ್ತಿದಳು. ಕಂಬಳಿಯ ಮೇಲೆ ಮಂಗನ ಹಾಗೆ ಕೂರುತ್ತಿದ್ದವಳು ಈ ಜೀನಿನೊಳಗೆ ಚಹದ ಬಟ್ಟಲಲ್ಲಿ ಬಿದ್ದ ಅವರೆಕಾಳಿನ ಹಾಗೆ ಅತ್ತ ಇತ್ತ ಉರುಳಿದಳು. ಪಾದವಿಡುವ ರಿಕಾಬಿಗೆ ಕಾಲು ಮುಟ್ಟಲಿಲ್ಲ. ತಟ್ಟು ನಾಲ್ಕು ಹೆಜ್ಜೆ ಹಾಕಿ, ಬೆನ್ನು ಚುಚ್ಚಿತೋ ಏನೋ, ಒಮ್ಮೆ ಮೈ ಕೊಡವಿತು. ಜೀನು ಒಂದು ಮಗ್ಗುಲಿಗೆ ಜಾರಿತು, ಹುಡುಗಿ ಇನ್ನೊಂದು ಮಗ್ಗುಲಿಗೆ.

ಮೊಣಕೈ ತರಚಿತ್ತು. ಅಳಲಿಲ್ಲ. ಎದ್ದವಳೇ ಮೊದಲು ತಾಯಿಯ ಕಡೆ ನೋಡಿದಳು. ಅತ್ತೆಯವರು ಅರಿಷಿಣ ತರಲು ಒಳಗೆ ಹೋಗುತ್ತ, "ಜೀನ ಸಿಕ್ಕಿತು. ಕುಂದ್ರಾಕ ಬರಲಿಲ್ಲ. ಆತಲ್ಲ," ಎಂದರು. ಸಾಲೆ ತೆರೆಯಲು ಮೂರು ವಾರ ಉಳಿದಿತ್ತು.

ಮಾವನವರು ನನ್ನನ್ನು ನೋಡಿದರು. ನಾನು ನೆಲ ನೋಡಿದೆ. ಆಮೇಲೆ, ನನಗೇ ಆಶ್ಚರ್ಯವಾಗುವಂತೆ, ನಾನು ಚಾಚಾರನ್ನು ಕೇಳಿದೆ. "ಹದಿನೇಳು ಅಂದ್ರ ಏನ್ರಿ ಚಾಚಾ?"

"ಇಂಚ್ರಿ, ಸಣ್ಣವ್ವಾರ. ಮುಂದಿಂದ ಹಿಂದಕ ಕುಂದ್ರೂ ಜಾಗಾದ ಅಳತಿ. ಇದು ದೊಡ್ಡ ಸಾಹೇಬರದು."

"ಮದ್ಲ ಯಾಕ ಹೇಳಲಿಲ್ಲೋ?" ಎಂದು ಗುಡುಗಿದರು ಮಾವ.

"ನೀವು ಓದಿಸಿಕೊಂಡ ಬಂದಿದ್ರಿ ಧಣೀರ. ಓದಿದ್ದರ ಮ್ಯಾಲ ನಾ ಏನ್ ಹೇಳ್ಲಿ?"

ಆ ದಿನ ಚಾಚಾ ಮಾತನಾಡಿದಷ್ಟು ಮತ್ತೆಂದೂ ಮಾತನಾಡಿದ್ದು ನಾನು ಕೇಳಿಲ್ಲ. ಜೀನಿನಲ್ಲಿ ಕುಳಿತವರ ಹಿಂದೆ ನಾಲ್ಕು ಬೆರಳು ಜಾಗ ಉಳಿಯಬೇಕಂತೆ, ಹೆಚ್ಚಲ್ಲ, ಕಡಿಮೆಯಲ್ಲ. ಮುಂದಿನ ಕಮಾನಿಗೂ ಕುದುರೆಯ ಹೆಗಲ ಎಲುಬಿಗೂ ನಡುವೆ ಮೂರು ಬೆರಳು. ಹಿಂದಿನಿಂದ ಬಾಗಿ ನೋಡಿದರೆ ಬೆನ್ನೆಲುಬಿನ ಉದ್ದಕ್ಕೂ ಆಚೆಯ ಬೆಳಕು ಕಾಣಬೇಕು. ರಿಕಾಬಿನ ಪಟ್ಟಿ ಕುಳಿತವರ ತೋಳಿನಷ್ಟೇ ಉದ್ದ. "ಬೆಳ್ಯಾಕ ಬಿಟ್ಟ ತಗೊಳಾಕ ಇದು ಅಂಗಿ ಅಲ್ರಿ. ಈ ವರ್ಷ ಬಿದ್ದ ಹುಡುಗಿ ಬರೂ ವರ್ಷ ಹತ್ತೂದಿಲ್ಲ," ಎಂದರು.

ಹದಿನೇಳರ ಜೀನು ದನದ ಮನೆಯ ಅಟ್ಟ ಸೇರಿತು. ಮುಂದೆ ಅದರಲ್ಲಿ ಬೆಕ್ಕು ಎರಡು ಸಲ ಮರಿ ಹಾಕಿತು. ಅದಕ್ಕೆ ಅಳತೆ ಸರಿಯಾಗಿತ್ತು.

*

ಎರಡನೆಯ ಜೀನಿನ ಸುದ್ದಿ ತಂದದ್ದು ಸೀರೆ. ನಮಗೆ ಪ್ರತಿ ವರ್ಷ ಸೀರೆ ನೇಯ್ದು ಕೊಡುತ್ತಿದ್ದ ಗಜೇಂದ್ರಗಡದ ನೇಕಾರ ಗಂಟು ಹೊತ್ತು ಬಂದಾಗ, ನಮ್ಮ ಅಂಗಳದ ಕಥೆ ಕೇಳಿ, ತಮ್ಮ ಮನೆಯಲ್ಲೂ ಒಂದಿದೆ ಎಂದ. ಅವನ ದೊಡ್ಡಪ್ಪ ಮಗ್ಗ ಬಿಟ್ಟು ಓಡಿಹೋಗಿ ಮೊದಲ ಮಹಾಯುದ್ಧದ ಕಾಲದಲ್ಲಿ ಕುದುರೆಯ ದಂಡಿನಲ್ಲಿದ್ದನಂತೆ. ಮರಳಿ ಬರುವಾಗ ಸಾಹೇಬನೊಬ್ಬ ತನ್ನ ಮಗುವಿನ ಜೀನನ್ನು ಅವನಿಗೆ ಕೊಟ್ಟನಂತೆ. "ಆದ್ರ ಹುಡುಗೀನ ಕರಕೊಂಡ ಬರ್ರಿ. ಅಳತಿ ಇಲ್ದ ನಾ ಕುಪ್ಪಸದ ಖಣಾನೂ ಕೊಡೂದಿಲ್ಲ," ಎಂದು ಹೇಳಿ ಹೋದ.

ಈ ಸಲ ನಾಲ್ವರು ಹೊರಟೆವು: ಮಾವ, ನಾನು, ಹುಡುಗಿ, ಚಾಚಾ. ತಟ್ಟನ್ನು ಬಸ್ಸಿಗೆ ಹತ್ತಿಸಲು ಬರುವುದಿಲ್ಲವಲ್ಲ. ಚಾಚಾ ಹಿಂದಿನ ದಿನ ಒಂದು ದಪ್ಪ ತಂತಿಯನ್ನು ಅದರ ಹೆಗಲ ಮೇಲೆ ಒತ್ತಿ ಬಾಗಿಸಿ, ಬೆನ್ನಿನ ಆಕಾರವನ್ನೇ ತೆಗೆದುಕೊಂಡಿದ್ದರು. ಆ ಬಾಗಿದ ತಂತಿಯನ್ನು ಹೆಗಲ ಮೇಲಿನ ವಲ್ಲಿಯಲ್ಲಿ ಸುತ್ತಿ ದಾರಿಯುದ್ದಕ್ಕೂ ಎದೆಗವಚಿಕೊಂಡಿದ್ದರು. ಹುಡುಗಿ ಕಿಟಕಿಯ ಪಕ್ಕ ಕುಳಿತು ತುಟಿ ಅಲ್ಲಾಡಿಸುತ್ತಿದ್ದಳು. ಏನೆಂದು ಕೇಳಿದೆ. ನಾನೇ ಗುಟ್ಟಾಗಿ ಕಲಿಸಿದ್ದ ಇಂಗ್ಲಿಷ್ ಅಕ್ಷರಮಾಲೆ. ಆಗ ಎಂಟನೆಯ ಇಯತ್ತೆಗೇ ಇಂಗ್ಲಿಷ್ ಶುರುವಾಗುತ್ತಿತ್ತು. "ವೈನಿ, ಜೀನ ಸಿಗಲಿಲ್ಲ ಅಂದ್ರ ಇವೆಲ್ಲಾ ಏನ್ ಮಾಡ್ಲಿ?" ಎಂದು ಕೇಳಿದಳು, ಆ ಇಪ್ಪತ್ತಾರು ಅಕ್ಷರಗಳು ಕೈಯಲ್ಲಿ ಹಿಡಿದ ಸಾಮಾನೋ ಎಂಬಂತೆ. ಆ ಪ್ರಶ್ನೆ ಮದುವೆಯಾಗಿ ಬಂದ ನಾಲ್ಕು ವರ್ಷದಿಂದ ನನಗೂ ಇತ್ತು.

ನೇಕಾರನ ಮನೆಯಲ್ಲಿ ಎರಡು ಮಗ್ಗ. ಮಗ್ಗದ ಕುಣಿಯಲ್ಲಿ ಕಾಲಿಳಿಸಿ ಕುಳಿತಿದ್ದ ಅವನ ಹೆಂಡತಿ ಲಾಳಿ ನಿಲ್ಲಿಸಿ, ಎದ್ದು ಬಂದು, ನಮಗೆ ನೀರು ಬೆಲ್ಲ ಕೊಟ್ಟಳು. ಜೀನು ದೇವರ ಗೂಡಿನ ಪಕ್ಕದ ಗೂಟಕ್ಕೆ ತೂಗುತ್ತಿತ್ತು. ಅದರ ಹಣೆಗೆ ವಿಭೂತಿಯ ಮೂರು ಗೆರೆ, ನಡುವೆ ಕುಂಕುಮ.

"ಮಾನೌಮಿಗೆ ಲಾಳಿ, ಕತ್ರಿ ಜೋಡಿ ಇದಕ್ಕೂ ಪೂಜಾ ಮಾಡ್ತೀವ್ರಿ," ಎಂದಳು. "ದೊಡ್ಡಮಾವ ಇದರ ಮ್ಯಾಲ ಕುಂತಽ ದೇಶಾ ನೋಡಿ ಬಂದ್ರು."

"ಮಗುವಿನ ಜೀನದ ಮ್ಯಾಲ ಹ್ಯಾಂಗ ಕುಂತಿದ್ದವಾ?" ಎಂದರು ಮಾವ.

"ನಾ ಏನ್ ನೋಡಾಕ ಹೋಗಿದ್ನೇನ್ರಿ? ಹೇಳಿದ್ದು ಕೇಳೀವಿ."

ನೇಕಾರ ಜೀನನ್ನು ಇಳಿಸಿ ಮಡಿಲ ಮಗುವಿನಂತೆ ಹಿಡಿದು, ಹೊಟ್ಟೆಯ ಕಡೆಯ ಮೆತ್ತೆಯ ಮೇಲೆ ಬೆರಳು ಆಡಿಸಿದ. ಒಳಗಿನ ಉಣ್ಣೆ ಗಂಟುಕಟ್ಟಿದಾಗಲೆಲ್ಲ ತಾನೇ ಬಿಚ್ಚಿ, ಹಿಂಜಿ, ತುಂಬುತ್ತಿದ್ದನಂತೆ. ಯಾಕೆ, ಯಾರೂ ಕೂರುವುದಿಲ್ಲವಲ್ಲ ಎಂದು ನಾನು ಕೇಳಿದೆ. "ಗಂಟ ಕೈಗೆ ಹತ್ತಿದ್ರ ನನಗ ನಿದ್ದಿ ಹತ್ತೂದಿಲ್ರಿ ಅಕ್ಕಾರ," ಎಂದ.

ಎರಡು ನೂಲಿನ ಮೂಟೆಗಳನ್ನು ಒಂದರ ಮೇಲೊಂದು ಇಟ್ಟು ಮೇಲೆ ಜೀನು ಹಾಕಿದರು. ಹುಡುಗಿ ಹತ್ತಿ ಕುಳಿತಳು. ಚಾಚಾ ಹಿಂದೆ ಕೈಯಿಟ್ಟು ನೋಡಿದರು. ನಾಲ್ಕು ಬೆರಳು. ವಲ್ಲಿ ಬಿಚ್ಚಿ, ತಂತಿಯನ್ನು ಮುಂದಿನ ಕಮಾನಿನ ಕೆಳಗೆ ಹಿಡಿದರು. ಹತ್ತಿರ ಹತ್ತಿರ ಮೂರು ಬೆರಳು. ಜೀನನ್ನು ಎತ್ತಿ ಎದೆಗೊತ್ತಿಕೊಂಡು, ಮುಂದಿನ ತುದಿಯನ್ನೂ ಹಿಂದಿನ ತುದಿಯನ್ನೂ ಒತ್ತಿ, ಕಿವಿಗೊಟ್ಟು ಕೇಳಿದರು. ಒಳಗಿನ ಮರ ಒಡೆದಿದ್ದರೆ ಕಿರುಗುಟ್ಟುತ್ತದಂತೆ. ಏನೂ ಇಲ್ಲ. ಮಾವನವರು ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಹುಡುಗಿ ಮಾತ್ರ ಇನ್ನೂ ಬಿಟ್ಟಿರಲಿಲ್ಲ.

ಕೊನೆಗೆ ತಂಗಿನ ಪಟ್ಟಿಗಳ ಹೊಲಿಗೆ ನೋಡಲು ಚಾಚಾ ರೆಕ್ಕೆ ಎತ್ತಿದರು. ಅದರ ಕೆಳಗೆ, ನಲವತ್ತು ವರ್ಷ ಬಿಸಿಲು ಕಾಣದ ಚರ್ಮದ ಮೇಲೆ, ಅಂಗಡಿಯವರು ಒತ್ತಿದ ಅಕ್ಷರಗಳು ಮೊನ್ನೆ ಒತ್ತಿದಷ್ಟು ಚೊಕ್ಕವಾಗಿದ್ದವು. ಮೇಲೆ ಒಂದು ಅಂಕಿ, ಹದಿನೈದು. ಕೆಳಗೆ ಒಂದು ಸಾಲು. ಪೂರಾ ಹಂದಿಯ ಚರ್ಮದ್ದು, ಖಾತ್ರಿ ಇದೆ ಎಂದು ಅದರ ಅರ್ಥ.

ನಾನು ಅದನ್ನು ಎರಡು ಸಲ ಓದಿದೆ. ಇಂಗ್ಲಿಷ್ ಅಷ್ಟು ಸ್ಪಷ್ಟವಾಗಿ ಅರ್ಥವಾದದ್ದಕ್ಕೆ ನನಗೆ ಬೇಸರವಾದದ್ದು ಜೀವನದಲ್ಲಿ ಅದೊಂದೇ ಸಲ. ಎಡಕ್ಕೆ ದೇವರ ಗೂಡು, ಬಲಕ್ಕೆ ವಿಭೂತಿ ಧರಿಸಿದ ಮಾವನವರು, ಎದುರಿಗೆ ಆ ರೆಕ್ಕೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತ ಚಾಚಾ. ಇಷ್ಟು ಮಂದಿಗೆ ಒಂದೇ ಸಾಲಿನಲ್ಲಿ ನೋವು ಮಾಡಬಲ್ಲ ವಾಕ್ಯ ನಮ್ಮ ಸಿಸ್ಟರುಗಳೂ ಕಲಿಸಿರಲಿಲ್ಲ.

"ಏನ್ ಬರದಾರ್ರಿ ಅಕ್ಕಾರ?" ನೇಕಾರ ಆಸೆಯಿಂದ ಕೇಳಿದ. "ಇಷ್ಟ ವರ್ಷ ಆತು, ಓದೂರ ಸಿಕ್ಕಿಲ್ಲ. ದೊಡ್ಡಪ್ಪನ ಹೆಸರು ಐತೇನ್ ನೋಡ್ರಿ."

"ಓದವಾ," ಎಂದರು ಮಾವ.

ಹುಡುಗಿ ಮೂಟೆಯ ಪಕ್ಕದಲ್ಲಿ, ಕಾಲ ಬೆರಳು ಒತ್ತಿಕೊಂಡು ನಿಂತಿದ್ದಳು.

"ಅಂಗಡಿ ಹೆಸರ ಇರತೈತ್ರಿ," ಎಂದರು ಚಾಚಾ, ನನ್ನನ್ನು ನೋಡದೆ. "ಸಾಹೇಬ್ರು ಚಮಚಾಕ್ಕೂ ಹೆಸರ ಹೊಡೀತಿದ್ರು. ಮ್ಯಾಲಿಂದು ಹದಿನೈದು ಹೌದಿಲ್ಲೋ, ಅಷ್ಟ ಹೇಳ್ರಿ ಸಣ್ಣವ್ವಾರ."

"ಹೌದು, ಹದಿನೈದು," ಎಂದೆ. ಅದು ನಿಜವೇ ಆಗಿತ್ತು. ಚಾಚಾ ರೆಕ್ಕೆ ಇಳಿಸಿದರು.

*

ಅತ್ತೆಯವರು ಹೊಸ್ತಿಲಲ್ಲೇ ತಡೆದರು. ಚಪ್ಪಲಿ ಬಿಡುವ ಕಡೆ ಜೀನು ಇಡಿಸಿ, ಮಾವನವರನ್ನಲ್ಲ, ನನ್ನನ್ನು ಕೇಳಿದರು. "ಯಾತರ ಚರ್ಮಾ ಇದು?"

"ವಿಲಾಯತೀದ್ರಿ ಅತ್ತಿ."

"ವಿಲಾಯತಿಯೊಳಗ ಗಿಡದಾಗ ಬೆಳೀತೈತೇನ್ ಚರ್ಮಾ? ಆಕಳದೇನು?"

"ಆಕಳದ್ದಲ್ರಿ."

"ಖರೇನ?"

"ಖರೇನ್ರಿ. ಆಕಳದ್ದಂತೂ ಅಲ್ಲವೇ ಅಲ್ಲ."

ಅತ್ತೆಯವರು ನನ್ನ ಮುಖ ನೋಡಿದರು. ಕಾನ್ವೆಂಟಿನವಳು ಸುಳ್ಳು ಹೇಳುವುದಿಲ್ಲ ಎಂಬುದನ್ನೂ ಮದುವೆಯ ಮಾತುಕತೆಯಲ್ಲಿ ಹೇಳಿದ್ದರು. "ಹಂಗಾರ ಲಾಯದಾಗ ಇಡ್ರಿ. ಒಳಗ ತರಬ್ಯಾಡ್ರಿ," ಎಂದರು. ಅವರ ಮಾತು ಅವರು ಮೀರುವಂತಿರಲಿಲ್ಲ. ಜೀನು ಸಿಕ್ಕಿತ್ತು. ಹುಡುಗಿ ಓಡಿಹೋಗಿ ಹಿತ್ತಲಲ್ಲಿ ಒಬ್ಬಳೇ ಎರಡು ಸುತ್ತು ಹಾಕಿ ಬಂದಳು.

ಅತ್ತೆಯವರ ಪ್ರಶ್ನೆಯನ್ನು ನಾನು ದಾಟಿದ್ದೆ. ಆದರೆ ಚಾಚಾ? ದಿನಾ ಬೆಳಿಗ್ಗೆ ಆ ಜೀನನ್ನು ಎತ್ತುವವರು, ಒರೆಸುವವರು, ಎಣ್ಣೆ ಹಚ್ಚುವವರು ಅವರು. ಅವರಿಗೆ ಹೇಳದೆ ಇರುವುದು ಮೋಸವೆನಿಸಿತು. ಹೇಳಿದರೆ ಅವರು ಕೈ ತೊಳೆದುಕೊಂಡು ಹೊರಟರೆ ಹುಡುಗಿಯ ಸಾಲೆ ಮುಗಿಯಿತು. ಮೂರನೆಯ ದಿನ ತಟ್ಟಿಗೆ ಬೆಲ್ಲ ಕೊಡುವ ನೆಪದಲ್ಲಿ ಲಾಯಕ್ಕೆ ಹೋದೆ. ಚಾಚಾ ಕಲ್ಲಿನ ಮೇಲೆ ಕುಳಿತು, ಜೀನನ್ನು ಮೊಣಕಾಲಿಗೆ ಆನಿಸಿ, ಕೈಗೆ ಒಂದು ಹಳೇ ಅರಿವೆ ಸುತ್ತಿಕೊಂಡು ಒರೆಸುತ್ತಿದ್ದರು.

"ಚಾಚಾ, ಆ ಜೀನದ ಮ್ಯಾಲ ಬರದದ್ದು..." ಎಂದು ಶುರುಮಾಡಿದೆ.

"ಸಣ್ಣವ್ವಾರ, ಇಲ್ಲೆ ಬರ್ರಿ." ಕೂರುವ ಜಾಗದ ಮೇಲೆ ಬೆರಳಿಟ್ಟು ತೋರಿಸಿದರು. "ಹತ್ತಿರದಿಂದ ನೋಡ್ರಿ. ಸಣ್ಣ ಸಣ್ಣ ತೂತು. ಮೂರು ಮೂರು ಕೂಡಿ ಅದಾವು. ಆಕಳದಾಗ ಹಿಂಗ ಇರೂದಿಲ್ಲ, ಆಡಿನಾಗ ಇರೂದಿಲ್ಲ. ಸಾಹೇಬರ ಲಾಯದಾಗ ಇಪ್ಪತ್ತ ವರ್ಷ ತಿಕ್ಕೀನಿ. ನನಗ ಅಕ್ಷರಾ ಬರೂದಿಲ್ಲ. ಚರ್ಮಾ ಓದಾಕ ಬರತೈತಿ."

ನಾನು ಬೆಲ್ಲ ಹಿಡಿದುಕೊಂಡೇ ನಿಂತೆ. ತಟ್ಟು ನನ್ನ ಮುಷ್ಟಿ ಮೂಸುತ್ತಿತ್ತು.

"ಹಂಗಾರ ಗಜೇಂದ್ರಗಡದಾಗ ನಿಮಗ..."

"ಗೋಡಿ ಮ್ಯಾಲ ಇದ್ದಾಗಽ ಗೊತ್ತಾತು. ಹೊಟ್ಟಿಗಾಗಿ ಮುಟ್ಟಿದ್ದಕ್ಕ ಮ್ಯಾಲಿನಾಂವ ಮಾಫ್ ಮಾಡ್ಯಾನು ಅಂತ ಸಾಹೇಬರ ಕಾಲಕ್ಕ ಮುಟ್ಟಿದೆ. ಈಗ ಈ ಹುಡುಗಿ ಸಾಲಿಗಾಗಿ. ಅರಿವಿ ಸುತಗೊಂಡೀನಿ, ಕೈ ತೊಳಕೋತೀನಿ. ಅಷ್ಟ." ಆಮೇಲೆ ದನಿ ತಗ್ಗಿಸಿದರು. "ನನ್ನ ಕೈಗೆ ಗೊತ್ತಿದ್ದದ್ದು ನನ್ನ ಕೈಯಾಗ ಇರ್ಲಿ. ನೀವು ಓದಿ ಹೇಳಿದ್ರ ಕಿವಿಗೂ ಗೊತ್ತಾಗತೈತಿ. ಅದಕ್ಕ ನೀವು ಓದಬ್ಯಾಡ್ರಿ."

ನಾನು ಓದಲಿಲ್ಲ. ತಟ್ಟಿಗೆ ಬೆಲ್ಲ ಕೊಟ್ಟು ಬಂದೆ.

ಜೂನಿನಲ್ಲಿ ಸಾಲೆ ತೆರೆಯಿತು. ಮೊದಲ ಮಳೆಯ ಮರುದಿನ, ಲಂಗದ ಒಳಗೆ ಅಣ್ಣನ ಹಳೇ ಪಾಯಿಜಾಮ ತೊಟ್ಟು, ಪಾಟಿಚೀಲ ಬೆನ್ನಿಗೆ ಕಟ್ಟಿಕೊಂಡು, ಹುಡುಗಿ ಹೊರಟಳು. ಮೊದಲ ತಿಂಗಳು ಚಾಚಾ ಪಕ್ಕದಲ್ಲಿ ನಡೆದು ಹೋದರು. ರೋಣದ ಪೇಟೆಯಲ್ಲಿ ಹುಡುಗಿಯನ್ನು ಕಂಡು ಯಾರೋ ಬಾಯಿ ತೆರೆದವರು ಜೀನು ಕಂಡು ಮುಚ್ಚಿದರಂತೆ. ಮಾವನವರು ಅದನ್ನು ಎಷ್ಟು ಸಲ ಹೇಳಿದರೋ. ಒಬ್ಬ ಕಾರಕೂನ ಎದ್ದು ನಿಂತು ನಮಸ್ಕಾರವನ್ನೂ ಮಾಡಿದನಂತೆ, ಹುಡುಗಿಗೋ ಜೀನಿಗೋ ತಿಳಿಯಲಿಲ್ಲ. ದೇಶಕ್ಕೆ ಸ್ವಾತಂತ್ರ್ಯ ತಂದ ಮಾವನವರು ಈ ಸಂಗತಿಯನ್ನು ಬಹಳ ಹೆಮ್ಮೆಯಿಂದ ವರ್ಣಿಸುತ್ತಿದ್ದರು.

*

ಮಹಾನವಮಿ ಬಂತು. ನಮ್ಮ ಮನೆಯಲ್ಲಿ ಅಂದು ಕುಡುಗೋಲು, ಕೊಡಲಿ, ಕೂರಿಗೆ, ಒನಕೆ ಎಲ್ಲವನ್ನೂ ತೊಳೆದು ಪಡಸಾಲೆಯಲ್ಲಿಟ್ಟು ಪೂಜೆ ಮಾಡುವ ಪದ್ಧತಿ. ಹುಡುಗಿಯ ಪುಸ್ತಕಗಳೂ ಆ ಸಾಲಿಗೆ ಸೇರಿದವು. ಮಾವನವರು ಜೀನನ್ನೂ ಒಳಗೆ ತರಿಸಿದರು. "ನೇಕಾರರು ಇಷ್ಟ ವರ್ಷ ಪೂಜಾ ಮಾಡ್ಯಾರ. ನಾವು ನಿಲ್ಲಿಸಿದ್ರ ಹ್ಯಾಂಗ?"

ಅತ್ತೆಯವರಿಗೆ ಇದು ಸರಿಬರಲಿಲ್ಲ. ಕುಂಕುಮದ ಬಟ್ಟಲು ಹಿಡಿದು ಜೀನಿನ ಮುಂದೆ ನಿಂತುಬಿಟ್ಟರು. ಹುಡುಗಿ ಕೆಳಗೆ ಕುಳಿತು ಅದರ ರೆಕ್ಕೆ ಎತ್ತಿ ಒದ್ದೆ ಅರಿವೆಯಿಂದ ಒರೆಸುತ್ತಿದ್ದಳು. ಬಾಗಿಲಾಚೆ ಅಂಗಳದಲ್ಲಿ ಚಾಚಾ ತಟ್ಟಿನ ಕೊರಳಿಗೆ ಚೆಂಡುಹೂವು ಕಟ್ಟುತ್ತಿದ್ದರು. ಅತ್ತೆಯವರ ಕಣ್ಣು ಅಕ್ಷರಗಳ ಮೇಲೆ ಬಿತ್ತು.

"ಏನ್ ಬರದಾರ ಅದರಾಗ?"

ನಾನು ಆರತಿಯ ಬತ್ತಿ ಹೊಸೆಯುತ್ತಿದ್ದೆ. ಕೈ ನಿಂತಿತು.

"ಆಕೀನ್ನ ಕೇಳಬ್ಯಾಡ," ಎಂದರು ಮಾವ, ಉತ್ಸಾಹದಿಂದ, ನನ್ನ ಕಡೆ ಕೈ ಬೀಸಿ. "ಈಗ ಇಂಗ್ಲಿಷ್ ಓದೂ ಮಗಳಽ ಅದಾಳ. ನಾಕ ತಿಂಗಳಾತು. ಏನ್ ಕಲಿತಾಳ ನೋಡೂಣು. ಓದು ಬೇಬಿ."

ನಾಲ್ಕು ತಿಂಗಳ ಇಂಗ್ಲಿಷಿನಲ್ಲಿ ಮಕ್ಕಳಿಗೆ ಮೊದಲು ಕಲಿಸುವುದೇ ಪ್ರಾಣಿಗಳ ಹೆಸರು. ಬೆಕ್ಕು, ನಾಯಿ, ಆಕಳು, ಹಂದಿ. ಆ ಪುಸ್ತಕ ಅಲ್ಲೇ ಕೂರಿಗೆಯ ಪಕ್ಕದಲ್ಲಿ ಕುಂಕುಮ ಹಚ್ಚಿಸಿಕೊಂಡು ಕುಳಿತಿತ್ತು. ಯಾವ ಓದಿಗಾಗಿ ಈ ಜೀನು ತಂದೆವೋ ಅದೇ ಓದು ಈಗ ಜೀನನ್ನು ಕಿತ್ತುಕೊಳ್ಳುವ ಹಂತಕ್ಕೆ ಬಂದಿತ್ತು. ಹುಡುಗಿ ಬಾಗಿ, ಬೆರಳಿಟ್ಟು, ತುಟಿ ಅಲ್ಲಾಡಿಸುತ್ತ ಅಕ್ಷರ ಕೂಡಿಸತೊಡಗಿದಳು. ಅಂಗಳದಲ್ಲಿ ಚಾಚಾ ಹೂವಿನ ದಾರ ಹಿಡಿದು ಹಾಗೇ ನಿಂತಿದ್ದರು. ಹುಡುಗಿಯ ಬೆರಳು ಒಂದು ಕಡೆ ನಿಂತಿತು. ತಲೆಯೆತ್ತಿ ನನ್ನನ್ನು ನೋಡಿದಳು. ಅಂಗಳದ ಕಡೆ ನೋಡಿದಳು. ಮತ್ತೆ ನನ್ನನ್ನು ನೋಡಿದಳು. ನನ್ನ ಮುಖದಲ್ಲಿ ಏನಿತ್ತೋ ನನಗೆ ತಿಳಿಯದು.

"ಆಕಳದ್ದಲ್ಲ ಅಂತ ಬರದಾರ ಯವ್ವಾ," ಎಂದಳು.

"ಇಷ್ಟ ಉದ್ದ ಐತಿ. ಅಷ್ಟನ ಅದು?" ಅತ್ತೆಯವರು ಕೇಳಿದರು.

"ಇನ್ನೂ ಒಂದೀಟ ಐತಿ. ಮುಂದಿಂದು ಕೂಡಿಸಿ ಓದ್ಲೇನು?"

ಅತ್ತೆಯವರು ಮಗಳನ್ನು ನೋಡಿದರು. ಆಮೇಲೆ ನನ್ನನ್ನು. ಬಾಗಿಲಾಚೆ, ಹೂವು ಕಟ್ಟುವುದನ್ನು ಮರೆತು ನಿಂತ ಚಾಚಾರನ್ನು. ಅವರ ಕಣ್ಣು ಜೀನು ಹೊತ್ತು ತಂದ ಚಾಚಾರ ಕೈಗೆ ಇನ್ನೂ ಸುತ್ತಿದ್ದ ಅರಿವೆಯ ಮೇಲೆ ಒಂದು ಕ್ಷಣ ನಿಂತಿತೆಂದು ಇಂದಿಗೂ ನನಗೆ ಅನಿಸುತ್ತದೆ.

"ಬ್ಯಾಡ," ಎಂದರು. "ಇಷ್ಟ ಸಾಕು. ಸಾಲಿ ಕಲ್ತಾಕಿ ಎಲ್ಲಾನೂ ಓದಬೇಕಂತ ಏನಿಲ್ಲ."

ಬಾಗಿ, ರೆಕ್ಕೆಯನ್ನು ತಾವೇ ಕೆಳಗಿಳಿಸಿ, ಅದರ ಮೇಲೆ ಮೂರು ಗೆರೆ ವಿಭೂತಿ ಎಳೆದು ನಡುವೆ ಕುಂಕುಮ ಇಟ್ಟರು. ಬೆರಳು ಒರೆಸಿಕೊಳ್ಳುತ್ತ, "ನಾಳೆ ಸಾಲಿ ಸೂಟಿನೋ ಏನು?" ಎಂದು ಮಗಳನ್ನು ಕೇಳಿದರು. ಸೂಟಿ ನಾಳೆ ಒಂದೇ ದಿನ, ನಾಳಿದ್ದು ಸಾಲೆ ಎಂದಳು. "ಹಂಗಾರ ನಾಳಿದ್ದ ರೊಟ್ಟಿ ಬುತ್ತಿ ನಾನಽ ಕಟ್ಟತೀನಿ," ಎಂದರು.

ಅಲ್ಲಿಯವರೆಗೆ ಬುತ್ತಿ ಕಟ್ಟುತ್ತಿದ್ದವಳು ನಾನು.